ಮೆಣಸಿನಕಾಯಿ ಕೈಯ ಶಿಲುಬೆ

ಅವ್ವಾ,

ನೀನು ಬೆತ್ತ ಹಿಡಿದು ಜಪ ಕಲಿಸುತ್ತಿದ್ದ ನಮ್ಮ ಚರ್ಚಿನಲ್ಲಿ ಈಗ ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ನನ್ನದು. ಸತ್ತ ಮೇಲೂ ನಿನಗೆ ವರದಿ ಒಪ್ಪಿಸುವ ಚಟ ಬಿಟ್ಟಿಲ್ಲ.

ಈ ವಾರ ಯಾರಿಗೆ ಏನು ಕಲಿಸಿದಿರಿ ಎಂದು ಇವತ್ತು ಮಕ್ಕಳನ್ನು ಕೇಳಿದೆ. ಪುಟ್ಟ ತಂಗಿಯ ಪಕ್ಕ ಕೂತಿದ್ದ ಜಸಿಂತಾ ಎದ್ದಳು.

"ನಮ್ಮ ತಂಗಿಗೆ ಶಿಲುಬೆ ಗುರುತು ಹಾಕೋದು ಕಲಿಸೇನ್ರಿ ಟೀಚರ್."

ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. ಬೆರಳು ಹಣೆಗೂ ತಾಗಲಿಲ್ಲ, ಎದೆಗೂ ತಾಗಲಿಲ್ಲ.

"ನೊಣಾ ಹೊಡಿಯಾಕತ್ತೀ ಏನ?" ಎಂದೆ. ಮಕ್ಕಳೆಲ್ಲ ನಕ್ಕರು.

"ಬ್ಯಾಡಗಿ ಮಂಡಿಯೊಳಗ ಅವ್ವನ ಜೋಡಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದೇನ್ರಿ. ಕೈ ಮಾರಿಗೆ ಮುಟ್ಟಿಸಬ್ಯಾಡ ಅಂದಾಳ್ರಿ."

ಆ ಕೈ ಹಿಡಿದು ಅವಳ ಹಣೆಗೆ, ತುಟಿಗೆ, ಎದೆಗೆ ಒತ್ತಿದೆ. ತುಟಿ ಉರಿದು ಅತ್ತಳು. ಅದೇ ಕೈಯಿಂದ ಕಣ್ಣೊರೆಸಿಕೊಂಡು ಚೀರಿದಳು.

"ಯೇಸುಸ್ವಾಮಿಗೆ ಇದಕ್ಕಿಂತ ಜಾಸ್ತಿ ನೋವಾಗಿತ್ತು," ಎಂದೆ. ನಿನ್ನದೇ ಮಾತು.

ಕೊನೆಯ ಪ್ರಾರ್ಥನೆಗೆ ಎಲ್ಲರೂ ಗುರುತು ಹಾಕಿಕೊಂಡರು. ಅವಳ ತಂಗಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟು ನನ್ನನ್ನೇ ನೋಡುತ್ತಿದ್ದಳು.

ನಿನ್ನ ಮುಂದೆ ನಾನೂ ಹಾಗೇ ನಿಲ್ಲುತ್ತಿದ್ದೆ. ಮೊನ್ನೆ ನಿನ್ನ ಸಮಾಧಿಯ ಮುಂದೆಯೂ.