ಮೀನಿನ ಬೋಣಿ ಮತ್ತು ದೇಶದ ಹಣದುಬ್ಬರ

ಬೆಲೆ ಸೂಚ್ಯಂಕ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಇಲೊಯ್ಲೊ ಪಟ್ಟಣದಲ್ಲಿ ಈ ವರ್ಷ ಮೀನಿನ ಬೆಲೆ ಏರಿಲ್ಲವೆಂದು ತಾವು ಘೋಷಿಸಿದಿರಿ. ಅದನ್ನೇ ನಂಬಿ ಕೂಲಿ ಮಂಡಳಿ ನಮ್ಮ ಬಿಸ್ಕತ್ತು ಕಾರ್ಖಾನೆಯ ಹೆಂಗಸರ ಕೂಲಿ ಏರಿಕೆಯನ್ನು ತಳ್ಳಿಹಾಕಿತು. ಅಭಿನಂದನೆಗಳು! ಬೆಲೆ ಇಳಿಸಲಾಗದವರಿಗೆ ಅಂಕಿಯನ್ನಾದರೂ ಇಳಿಸಲು ಬರುತ್ತದಲ್ಲ.

ಆ ಅಂಕಿ ಎಲ್ಲಿಂದ ಬಂತೆಂದು ಬಲ್ಲಿರಾ? ಸಂತೆಯಲ್ಲಿ ನನ್ನ ಅತ್ತೆ ಪುರಿಂಗ್ ಮಾರುವ ಮೀನಿನ ಬುಟ್ಟಿಯಿಂದ. ಬೆಲೆ ವಿಚಾರಿಸುವ ತಮ್ಮ ನೌಕರ ಬಿಸಿಲೇರುವ ಮುನ್ನವೇ ಕೆಲಸ ಮುಗಿಸಿಕೊಳ್ಳುವ ಜಾಣ. ಹಾಗಾಗಿ ಪ್ರತಿ ತಿಂಗಳೂ ಅತ್ತೆಯ ಬೋಣಿ ಅವನದೇ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೆಲ್ಲ ವ್ಯಾಪಾರ ಹಾಳೆಂದು ನಂಬುವ ಊರು ನಮ್ಮದು. ಹೋದ ವರ್ಷದ ಬೆಲೆಗೇ ಕೊಡೆಂದು ಅವನು ಹಠ ಹಿಡಿಯುತ್ತಾನೆ, ಅತ್ತೆ ಕೊಡುತ್ತಾಳೆ, ಅವನು ಅದನ್ನೇ ಬರೆದುಕೊಳ್ಳುತ್ತಾನೆ. ಬೋಣಿಯ ಪದ್ಧತಿಯಂತೆ ಅವನು ಕೊಟ್ಟ ಪೆಸೊ ನೋಟಿನಿಂದಲೇ ಮಿಕ್ಕ ಮೀನುಗಳ ಬೆನ್ನು ತಟ್ಟಿ ಶುಭ ಕೋರಿ, ಪಾಳಿ ಮುಗಿಸಿ ಬರುವ ನಮಗೆಲ್ಲ ಅತ್ತೆ ದುಪ್ಪಟ್ಟು ಹೇಳುತ್ತಾಳೆ. ಸೊಸೆಗೂ ರಿಯಾಯಿತಿಯಿಲ್ಲ. ಮೀನು ಅವನ ಬಾಣಲೆಗೆ, ಮುಳ್ಳು ನಮ್ಮ ಗಂಟಲಿಗೆ.

ಕೂಲಿಯ ಸುದ್ದಿ ಬಂದ ದಿನ ಅತ್ತೆಯ ಮೇಲೆ ಹರಿಹಾಯ್ದೆ.

"ಅವ್ನು ಸರ್ಕಾರದೋನು ಕಣತ್ತೆ! ನೀನ್ ಕೊಟ್ಟಿದ್ದೇ ಊರಿನ್ ಬೆಲೆ ಅಂತ ಬರ್ಕೊಂಡ್ ಹೋಗ್ತಾನೆ."

"ಸರ್ಕಾರ ಆದ್ರೇನು, ಬೋಣಿ ಬೋಣಿನೇ. ಬೆಳಬೆಳಗ್ಗೆ ಬಂದ ಅದೃಷ್ಟಾನ ಒದೀಲೇನೇ?"

"ಬೇಡ ಬಿಡು. ಅದನ್ ಬಿಟ್ಟು ನನ್ ಹೊಟ್ಟೆಗೇ ಒದಿ."

ಮಾತು ನಾಟಿತು. ಮುಂದಿನ ತಿಂಗಳು ಅವನು ಬಂದಾಗ ಅತ್ತೆ ಜನ್ಮದಲ್ಲಿ ಮೊದಲ ಸಲ ಬೋಣಿಗೆ ಪೂರಾ ಬೆಲೆ ಹೇಳಿದಳು. "ಅಜ್ಜಿ, ನಿಂಗೆ ತಲೆ ಕೆಟ್ಟಿದೆ" ಎಂದು ಮೀನನ್ನು ಬುಟ್ಟಿಗೆಸೆದು ಅವನು ಪಕ್ಕದವಳ ಬಳಿ ಹೋದ. ಅಲ್ಲಿಯೂ ಅವನದೇ ಬೋಣಿ! ಅವಳು ಇನ್ನೂ ಅಗ್ಗಕ್ಕೆ ಕೊಟ್ಟಳು. ಬೋಣಿ ಮುರಿದವಳೆಂದು ಸಂತೆಯೆಲ್ಲ ಸುದ್ದಿಯಾಗಿ ಅತ್ತೆಯ ಮೀನನ್ನು ಯಾರೂ ಮುಟ್ಟಲಿಲ್ಲ. ನಾತ ಹೊಡೆಯುವ ಬುಟ್ಟಿಯ ಪಕ್ಕ ಕುಳಿತು ಮುದುಕಿ ಅತ್ತಳು. ನನಗೆ ಕರುಣೆಗಿಂತ ಮೊದಲು ಕೋಪ ಬಂತು; ಅದು ಸೇರಬೇಕಾದ ವಿಳಾಸ ತಮ್ಮದೆಂದು ಈ ಪತ್ರ. ತಿಂಗಳ ಕೊನೆಗೆ ತಮ್ಮ ಪ್ರಕಟಣೆಯೂ ಬಂತು: ಮೀನಿನ ಬೆಲೆ ಇಳಿದಿದೆಯಂತೆ.

ನನ್ನ ಬೇಡಿಕೆ ಇಷ್ಟೇ. ತಮ್ಮ ನೌಕರ ಹಾಯಾಗಿ ನಿದ್ದೆ ಮಾಡಿ, ಬಿಸಿಲೇರಿದ ಮೇಲೆ ನಮ್ಮ ಹಿಂದೆ ನಿಂತು ಬೆಲೆ ಕೇಳಲಿ. ಆ ಬೆಲೆಯ ಮೇಲೆ ನಮ್ಮ ಕೂಲಿ ಮತ್ತೆ ನಿಗದಿಯಾಗಲಿ. ಆಗದೆಂದರೆ ತಾವೇ ಅತ್ತೆಯ ಬುಟ್ಟಿಗೆ ದಯಮಾಡಿಸಿ. ಬೆಳಬೆಳಗ್ಗೆಯೇ ಬನ್ನಿ. ಇಷ್ಟು ವರ್ಷ ನೋಟಿನಿಂದ ಮೀನಿನ ಬೆನ್ನು ತಟ್ಟಿದವಳು, ಈ ಸಲ ಮೀನಿನಿಂದ ತಮ್ಮ ಕೆನ್ನೆ ತಟ್ಟಿ ಬೋಣಿ ಮಾಡುತ್ತಾಳೆ.

ಇಂತಿ,
ಎಂದೂ ಮೊದಲ ಗಿರಾಕಿಯಾಗದ
ಮರಿಫೆ ಸೊಬ್ರೆವೆಗಾ