ನಡುವಿನ ಮೂರು

ಗುರುವಾರ, ಊಟದ ಬಿಡುವು

ಅಮ್ಮಾ,

ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ನನ್ನ ಕೌಂಟರಿನ ಎದುರಿಗೇ ಮ್ಯಾನೇಜರರ ಗಾಜಿನ ಕೋಣೆ. ಈಗೀಗ ನಮ್ಮಲ್ಲಿ ಯಾರು ಫೋನು ಎತ್ತಿದರೂ ಅವರು ಕತ್ತೆತ್ತಿ ನೋಡುತ್ತಾರೆ. ಓದಿ ಮುಗಿಸುವ ತನಕ ಗಾಬರಿಯಾಗಬೇಡ.

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ನೀನು ಕೇಳಿದ್ದೆ: ನಮ್ ದುಡ್ಡಿಗೆ ನೀವೇ ಬಡ್ಡಿ ಕೊಟ್ರೆ ನಿಮಗೇನೇ ಉಳಿಯತ್ತೆ, ದಾನಕ್ಕೆ ಕೂತಿದೀರಾ ಅಂತ. ನಕ್ಕು ಲೆಕ್ಕ ಹೇಳಿದ್ದೆ. ನಿನಗೆ ನೂರಕ್ಕೆ ಐದು ಕೊಡುತ್ತೇವೆ, ಅದೇ ಹಣವನ್ನು ಮನೆ ಕಟ್ಟುವವರಿಗೆ ಎಂಟಕ್ಕೆ ಕೊಡುತ್ತೇವೆ. ನಡುವಿನ ಮೂರರಲ್ಲಿ ನನ್ನ ಸಂಬಳ, ಕಟ್ಟಡದ ಬಾಡಿಗೆ, ಮುಳುಗಿದ ಸಾಲಗಳು. ಎಲ್ಲ ಕಳೆದು ಮಿಕ್ಕಿದ್ದು ಲಾಭ. ಪರವಾಗಿಲ್ವೇ, ಕೂತಲ್ಲೇ ಸಂಪಾದನೆ ಅಂತ ನೀನು ಮೂಗಿನ ಮೇಲೆ ಬೆರಳಿಟ್ಟಿದ್ದೆ.

ಆ ಮೂರು ಈಗ ಇಲ್ಲ.

ಸಾಲದ ಬಡ್ಡಿಯನ್ನು ಇಪ್ಪತ್ತು ವರ್ಷ ಬದಲಿಸುವುದಿಲ್ಲ ಎಂದು ನಾವೇ ಬರೆದುಕೊಟ್ಟಿದ್ದೇವೆ. ನಿಮ್ಮಂಥವರ ಠೇವಣಿಗಳೋ ವರ್ಷಕ್ಕೊಮ್ಮೆ ಮುಗಿಯುತ್ತವೆ. ಎದುರು ಬೀದಿಯ ಬ್ಯಾಂಕು ಬಡ್ಡಿ ಏರಿಸಿದಾಗಲೆಲ್ಲ ನಾವೂ ಏರಿಸಿದೆವು, ಇಲ್ಲವಾದರೆ ಜನ ಹಣ ಎತ್ತಿಕೊಂಡು ರಸ್ತೆ ದಾಟುತ್ತಾರೆ. ಹಜಾರದಲ್ಲಿರುವ ಠೇವಣಿ ಬಡ್ಡಿಯ ಹಲಗೆಗೆ ತಗಡಿನ ಅಂಕಿ ಸಿಕ್ಕಿಸುವ ಕೆಲಸ ನನ್ನದು. ಈ ಸೋಮವಾರ ಸಿಕ್ಕಿಸಿದ್ದು ಒಂಬತ್ತು. ಸ್ಟೂಲಿನ ಮೇಲೆ ನಿಂತೇ ಲೆಕ್ಕ ಹಾಕಿದೆ. ಬರುವುದು ಎಂಟು, ಕೊಡಬೇಕಾದ್ದು ಒಂಬತ್ತು. ಕೆಳಗೆ ನಿಂತಿದ್ದವರು ಮಾತ್ರ ಖುಷಿಯಿಂದ ಚಪ್ಪಾಳೆ ತಟ್ಟಿದರು.

ಈಗ ಹಳಬರಿಗೆ ವಾಪಸು ಕೊಡುತ್ತಿರುವುದು ಹೊಸಬರು ತಂದಿಟ್ಟ ಹಣ. ಯಾರಾದ್ರೂ ದುಡ್ಡು ಕೇಳಿದ್ರೆ ನಗ್ತಾ ಮಾತಾಡ್ಸಿ, ಮುಖ ಸಣ್ಣ ಮಾಡ್ಬೇಡಿ ಅಂತ ಮ್ಯಾನೇಜರ್ ನಮಗೆಲ್ಲ ಹೇಳಿದ್ದಾರೆ. ನಿನ್ನೆ ಅವರ ಹೆಂಡತಿಯ ಠೇವಣಿ ಅವಧಿಗೆ ಮೊದಲೇ ಎದುರು ಬ್ಯಾಂಕಿಗೆ ಹೋಯಿತು. ಮೊಹರು ಒತ್ತಿದವಳು ನಾನೇ.

ನಿನ್ನ ಠೇವಣಿ ಬರುವ ಬುಧವಾರ ಮುಗಿಯುತ್ತದೆ. ಬಂದು ಪೂರ್ತಿ ತೆಗೆದುಕೊ. ಕೇಳಿದರೆ ಮನೆ ರಿಪೇರಿ ಅನ್ನು. ನನ್ನ ಕೌಂಟರಿಗೆ ಬರಬೇಡ. ಯಾರ ಹತ್ತಿರವೂ ಬಾಯಿ ಬಿಡಬೇಡ. ಹತ್ತು ಜನ ಒಟ್ಟಿಗೆ ಬಂದರೆ ಹನ್ನೊಂದನೆಯವರಿಗೆ ಕೊಡಲು ನಮ್ಮಲ್ಲಿಲ್ಲ. ಒಂಬತ್ತು ಬರೋವಾಗ ಯಾವ ಪೆದ್ದಿ ತೆಗೀತಾಳೆ ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಆಸ್ಪತ್ರೆಯ ಬಟ್ಟೆ ಒಗೆದು ಒಗೆದು, ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಕೂಡಿಟ್ಟ ಹಣ ಅದು. ಹಟ ಮಾಡಬೇಡ, ಅಮ್ಮಾ. ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿದೆ.

ನಿನ್ನ
ದೊಡ್ಡವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕಮ್ಮ ಬಂದಳು. ಹೊಲಿಗೆ ಅಂಗಡಿ ಮಾರಿದ ದುಡ್ಡನ್ನೆಲ್ಲ ಒಂಬತ್ತರ ಠೇವಣಿಗೆ ಇಡಲು ತಂದಿದ್ದಳು. ಅಕ್ಕಾನೇ ಹೇಳಿದ್ಲು, ನೀನಿದೀಯಲ್ಲ ಅನ್ನೋ ಧೈರ್ಯ ಅಂದಳು. ಮ್ಯಾನೇಜರ್ ಗಾಜಿನಾಚೆಯಿಂದ ನೋಡುತ್ತಿದ್ದರು. ನಾನು ನಗುತ್ತಾ ರಸೀದಿ ಕೊಟ್ಟೆ. ಬುಧವಾರ ನಿನ್ನ ಕೈಗೆ ಬರುವುದು ಆ ಹಣವೇ.