ಮಗ್ಗುಲು ಚಾರ್ಟಿನಲ್ಲಿ ಖಾಲಿ ಬಿಟ್ಟ ಚೌಕಗಳು

ನನ್ನ ಗಿರಿಜಕ್ಕನಿಗೆ,

ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಇನ್ಯಾವ ವಿಳಾಸಕ್ಕೆ ಬರೆಯಲಿ ಹೇಳಿ? ನೀವು ಹೋಗಿ ಏಳು ತಿಂಗಳಾಯಿತು. ಆದರೂ ಅದನ್ನು ನಾವೆಲ್ಲ ಗಿರಿಜಕ್ಕನ ಮಂಚ ಅಂತಲೇ ಕರೆಯುತ್ತೇವೆ. ಈಗ ಅದರಲ್ಲಿ ಪುಟ್ಟನರಸಮ್ಮ ಎಂಬ ಅಜ್ಜಿ ಇದ್ದಾರೆ, ನೀವು ನೋಡಿದವರಲ್ಲ. ಇವತ್ತು ಬೆಳಿಗ್ಗೆ ನಮ್ಮ ವೃದ್ಧಾಶ್ರಮಕ್ಕೆ ಇಲಾಖೆಯಿಂದ ನೋಟಿಸು ಬಂತು. ಯಾರ ಹತ್ತಿರ ಹೇಳಿಕೊಳ್ಳಬೇಕೋ ತಿಳಿಯದೆ, ರಾತ್ರಿ ಹತ್ತಕ್ಕೆ ಎಲ್ಲರ ಮಗ್ಗುಲು ಬದಲಿಸಿ ಮುಗಿಸಿ, ಆಫೀಸು ರೂಮಿನ ಬಾಗಿಲು ಹಾಕಿಕೊಂಡು ನಿಮಗೆ ಬರೆಯಲು ಕೂತಿದ್ದೇನೆ. ಬಯ್ಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬಯ್ಯಿರಿ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಿದೆಯಾ? ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಸವೆದವಳು ನಾನು. ಕೊನೆಯ ಮೂರು ವರ್ಷ ಲೈನಿನ ಬೋರ್ಡಿನ ಮೇಲೆ ಗಂಟೆಗಂಟೆಗೆ ಎಷ್ಟು ಪೀಸು ಆಯಿತೆಂದು ಬರೆಯುವುದೇ ನನ್ನ ಕೆಲಸ. ಮುನಿರಾಜಣ್ಣ ದಾಸರಹಳ್ಳಿಯ ತಮ್ಮ ಹಳೇ ಪಿ.ಜಿ. ಕಟ್ಟಡವನ್ನು ವೃದ್ಧಾಶ್ರಮ ಮಾಡಿದಾಗ, ನನ್ನ ಕೈಬರಹ ನೋಡಿ ರಿಜಿಸ್ಟರುಗಳ ಉಸ್ತುವಾರಿ ಕೊಟ್ಟರು. ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತರಾಗಿ ಬಂದಿದ್ದ ನಿಮ್ಮನ್ನು ಬಿಟ್ಟರೆ ಆ ಕಟ್ಟಡದಲ್ಲಿ ಕೆಲಸ ಬಲ್ಲವರು ಒಬ್ಬರೂ ಇರಲಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಭಾರ ಬಿದ್ದ ಕಡೆ ಚರ್ಮ ಸತ್ತು ಹುಣ್ಣಾಗುತ್ತದೆ, ಬದಲಿಸಿದ ಮೇಲೆ ಮಂಚದ ಕಾಲ ಬಳಿ ತೂಗುಹಾಕಿದ ಚಾರ್ಟಿನಲ್ಲಿ ಎಡ, ಬಲ, ಅಂಗಾತ ಅಂತ ಬರೆದು ಸಹಿ ಹಾಕಬೇಕು ಎಂದು ಹೇಳಿಕೊಟ್ಟಿರಿ. ನಾನು ಜಾಣೆ, ಒಂದೇ ಏಟಿಗೆ ಇಡೀ ದಿನದ್ದು ಬರೆದು ಮುಗಿಸಿದೆ.

"ಇದೇನೇ ಮಂಜಿ? ಇನ್ನೂ ಒಂಬತ್ತು ಗಂಟೆ. ಸಾಯಂಕಾಲ ನಾಲ್ಕಕ್ಕೆ ತಿರುಗ್ಸಿದ್ದು ಆಗ್ಲೇ ಬರ್ದಿದ್ದೀಯಾ?"

"ಗಾರ್ಮೆಂಟ್ಸಲ್ಲಿ ಹಂಗೇ ಅಕ್ಕ. ಮುಂಚೇನೇ ಬರ್ಕೊಂಡ್ಬಿಟ್ರೆ ಆಮೇಲೆ ತಲೆನೋವಿರಲ್ಲ."

"ಅಲ್ಲಿ ಪೀಸು ಕಣೇ. ಇಲ್ಲಿ ಮೈ."

ಅಷ್ಟೇ ಹೇಳಿ ಹಾಳೆಯನ್ನು ಹರಿದುಹಾಕಿದಿರಿ. ನನಗೆ ಅಳುವೇ ಬಂದಿತ್ತು. ಅಷ್ಟು ಮುದ್ದಾಗಿ ಬರೆದಿದ್ದೆನಲ್ಲ.

ರಂಗಪ್ಪಣ್ಣನನ್ನು ನೀವು ಮಗ್ಗುಲಾಗಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲೇತ್ ಯಂತ್ರಕ್ಕೆ ಎರಡು ಬೆರಳು ಕೊಟ್ಟು, ಕೊನೆಗೆ ಮಾತು ಪ್ರಜ್ಞೆ ಎರಡೂ ಕಳೆದುಕೊಂಡು ಇವತ್ತಿಗೂ ಬಿದ್ದುಕೊಂಡಿರುವ ಮನುಷ್ಯ. ಅವರ ಕಿವಿಯ ಹತ್ತಿರ ಬಾಗಿ, "ರಂಗಪ್ಪಣ್ಣ, ಈಗ ಎಡಕ್ಕೆ ತಿರುಗ್ಸ್ತೀನಿ, ಗಾಬರಿ ಬೀಳ್ಬೇಡಿ" ಅನ್ನುತ್ತಿದ್ದಿರಿ. ಆಮೇಲೆ ಅಂಗೈಯನ್ನು ಅವರ ಬೆನ್ನಿನ ಕೆಳಗೆ ತೂರಿಸಿ ಬೆಡ್‌ಶೀಟಿನ ಒಂದೊಂದೇ ಸುಕ್ಕನ್ನು ಎಳೆದು ನೇರ ಮಾಡುತ್ತಿದ್ದಿರಿ. ಹಿಮ್ಮಡಿ, ಸೊಂಟದ ಮೂಳೆ, ಬಾಲದ ಮೂಳೆ ಎಲ್ಲ ಮುಟ್ಟಿ ನೋಡದೆ ಪೆನ್ನು ಹಿಡಿಯುತ್ತಿರಲಿಲ್ಲ. "ಅವ್ರಿಗೆಲ್ಲಿ ಕೇಳ್ಸತ್ತೆ ಅಕ್ಕ?" ಅಂತ ನಾನು ನಕ್ಕರೆ, "ಕೇಳ್ಸಲ್ಲ ಅಂತ ನಿಂಗ್ಯಾರ್ ಹೇಳಿದ್ರು?" ಎಂದು ದುರುಗುಟ್ಟಿ ನೋಡುತ್ತಿದ್ದಿರಿ. ಐದು ವರ್ಷ ನಿಮ್ಮ ಹಿಂದೆ ಓಡಾಡಿ ಓಡಾಡಿ ನನ್ನ ಅಂಗೈಗೂ ಸುಕ್ಕು ಹುಡುಕುವ ಚಟ ಬಂತು. ಬಸ್ಸಿನ ಸೀಟು ಸಿಕ್ಕಿದರೂ ಕೂರುವ ಮೊದಲು ಸವರಿ ನೋಡುತ್ತೇನೆ.

ನಿಮಗೆ ಲಕ್ವ ಹೊಡೆದದ್ದು ಇಲ್ಲಿನ ಅಡುಗೆಮನೆಯಲ್ಲೇ, ರಾಗಿ ಗಂಜಿ ಕಲಕುವಾಗ. ಆಸ್ಪತ್ರೆಯಿಂದ ಬಿಟ್ಟಾಗ ಬಲಭಾಗ ಪೂರ್ತಿ ಹೋಗಿತ್ತು, ಮಾತು ಹೋಗಿತ್ತು. ಎಡಗೈ ಮಾತ್ರ ಸ್ವಲ್ಪ ಆಡುತ್ತಿತ್ತು. ನಿಮ್ಮವರು ಅಂತ ಇದ್ದದ್ದು ತಮ್ಮನ ಮಗಳು ಲತಾ ಒಬ್ಬಳೇ. ಕಾಡುಗೋಡಿಯ ಒಂದೇ ರೂಮಿನಲ್ಲಿ ಗಂಡ, ಇಬ್ಬರು ಮಕ್ಕಳು, ಹೊಲಿಗೆ ಮಷಿನ್ನು. "ಮಂಜುಳಕ್ಕ, ನಮ್ಮತ್ತೇನ ನಾನೆಲ್ಲಿ ಮಲಗ್ಸ್ಲಿ?" ಅಂತ ನನ್ನ ಕೈ ಹಿಡಿದುಕೊಂಡಳು. "ಎಲ್ಲೂ ಬೇಡ, ಅವ್ರು ಕೆಲಸ ಮಾಡಿದ ಜಾಗ ಇದು, ನಾನು ನೋಡ್ಕೊಂತೀನಿ" ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಅಕ್ಕ! ಮುನಿರಾಜಣ್ಣನೂ ಮರುಮಾತಾಡದೆ ಕಿಟಕಿ ಪಕ್ಕದ ಮಂಚ ಕೊಟ್ಟರು. ಅಲ್ಲಿಂದ ಮೆಟ್ರೋ ಹೋಗುವುದು ಕಾಣುತ್ತದೆ, ಒಳ್ಳೆಯ ಬೆಳಕೂ ಬರುತ್ತದೆ. ಆ ಬೆಳಕೇ ಆಮೇಲೆ...

ತಪಾಸಣೆಗೆ ಬರುತ್ತೇವೆಂದು ಇಲಾಖೆಯಿಂದ ಫೋನು ಬಂದದ್ದು ಸೋಮವಾರ. ಗುರುವಾರ ಬರುವವರಿದ್ದರು. ಮಾನ್ಯತೆ ನವೀಕರಣವಾಗಬೇಕಿತ್ತು, ಅದಿಲ್ಲದಿದ್ದರೆ ಬಾಗಿಲು ಹಾಕಬೇಕು. ಹಾಸಿಗೆ ಹಿಡಿದವರು ಹನ್ನೊಂದು ಜನ, ಆಯಾಗಳು ಮೂವರು, ಒಬ್ಬರನ್ನು ಮಗ್ಗುಲಾಗಿಸಲು ಇಬ್ಬರು ಬೇಕು. ಲೆಕ್ಕ ನಿಮಗೆ ಬಿಡಿಸಿ ಹೇಳಬೇಕೇ? ಮೂರು ದಿನ ಎಲ್ಲರನ್ನೂ ಬರೆಯಲು ಕೂರಿಸಿದೆ. ಊಟದ ರಿಜಿಸ್ಟರು, ನೀರಿನ ರಿಜಿಸ್ಟರು, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ರಿಜಿಸ್ಟರು. ದೂರು ಪುಸ್ತಕ ಖಾಲಿಯಿದ್ದರೆ ದೂರು ತೆಗೆದುಕೊಳ್ಳುವುದೇ ಇಲ್ಲವೇನೋ ಅಂದುಕೊಳ್ಳುತ್ತಾರೆಂದು ದೂರುಗಳನ್ನೂ ನಾವೇ ಹುಟ್ಟಿಸಿದೆವು. 'ಸಾರಿಗೆ ಉಪ್ಪು ಕಡಿಮೆ.' ಅದರ ಪಕ್ಕದಲ್ಲೇ 'ಸರಿಪಡಿಸಲಾಗಿದೆ.' ನಾಲ್ಕು ವರ್ಷದಿಂದ ಊಟವನ್ನೇ ಮಾಡದೆ ಮೂಗಿನ ನಳಿಕೆಯ ಗಂಜಿಯಲ್ಲೇ ಇದ್ದ ರಂಗಪ್ಪಣ್ಣನ ಹೆಸರಿನಲ್ಲಿ ಯಾರೋ ಉಪ್ಪಿನ ದೂರು ಬರೆದಿದ್ದರು. ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನೀವು ಮಲಗಿದ್ದ ಕೋಣೆಯಲ್ಲೇ.

ಬುಧವಾರ ಮಧ್ಯಾಹ್ನದ ಆ ಒಂದು ಗಳಿಗೆಯನ್ನು ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಬೆಳಕು ಚೆನ್ನಾಗಿದೆಯೆಂದು ನಿಮ್ಮ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಎಲ್ಲರ ಮಗ್ಗುಲು ಚಾರ್ಟು ಭರ್ತಿ ಮಾಡುತ್ತಿದ್ದೆ. ಒಬ್ಬಳೇ ಬರೆದಂತೆ ಕಾಣಬಾರದೆಂದು ಎರಡು ಬಣ್ಣದ ಪೆನ್ನು, ಮೂರು ಥರದ ಸಹಿ. ಕೊನೆಗೆ ನಿಮ್ಮದೂ ಬರೆದೆ. ಎಂಟಕ್ಕೆ ಎಡ, ಹತ್ತಕ್ಕೆ ಅಂಗಾತ, ಹನ್ನೆರಡಕ್ಕೆ ಬಲ. ನೀವು ಬೆಳಿಗ್ಗೆಯಿಂದ ಅಂಗಾತವೇ ಮಲಗಿದ್ದಿರಿ. ಹಿಂದಿನ ದಿನವೂ ಹೆಚ್ಚುಕಡಿಮೆ ಹಾಗೆಯೇ. ನಿಮ್ಮ ಎಡಗೈ ಮೆಲ್ಲಗೆ ಎದ್ದು ಬಂದು ಚಾರ್ಟಿನ ಹಾಳೆಯ ತುದಿ ಹಿಡಿಯಿತು. ನಾನೇನು ತಿಳಿದುಕೊಂಡೆ ಗೊತ್ತೇ? ನೋಡಬೇಕೆನಿಸಿರಬೇಕು, ಒಂದು ಕಾಲದಲ್ಲಿ ಇದೆಲ್ಲ ಕಲಿಸಿದವರಲ್ಲವೇ ಅಂತ. ಹಾಳೆಯನ್ನು ನಿಮ್ಮ ಮುಖದ ಮುಂದೆ ಹಿಡಿದು, "ಎಲ್ಲಾ ನೀಟಾಗಿ ಬರ್ದಿದ್ದೀನಕ್ಕ, ಯೋಚ್ನೆ ಮಾಡ್ಬೇಡಿ" ಎಂದೆ. ನೀವು ಬಿಡಲಿಲ್ಲ. ನಾನು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಾಳೆ ತೆಗೆದುಕೊಂಡು ಮುಂದಿನ ಮಂಚಕ್ಕೆ ಹೋದೆ.

ಗುರುವಾರ ಬಂದ ಅಧಿಕಾರಿ ಮೇಡಂ ಒಳ್ಳೆಯವರೇ. ಬಿಸಿಲಲ್ಲಿ ಬಂದಿದ್ದರು, ಅದೇ ದಿನ ಇನ್ನೂ ಎರಡು ಕಡೆ ಹೋಗಬೇಕಿತ್ತು. ನಿಮ್ಮ ಮಂಚದ ಹತ್ತಿರ ನಿಂತು, "ಅಜ್ಜೀ, ಚೆನ್ನಾಗಿದ್ದೀರಾ?" ಅಂತ ಕೇಳಿ, ಚಾರ್ಟು ಓದಿ, "ನೀಟಾಗಿ ಮೇಂಟೇನ್ ಮಾಡಿದ್ದೀರಿ" ಎಂದರು. ಹೊದಿಕೆ ಎತ್ತಲಿಲ್ಲ. ಅವರ ಫಾರಮ್ಮಿನಲ್ಲಿ ಹೊದಿಕೆ ಎತ್ತುವ ಕಾಲಮ್ಮಿಲ್ಲ. ಅವರು ಹೋದ ಮೇಲೆ ಮುನಿರಾಜಣ್ಣ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಶುಕ್ರವಾರ ಬೆಳಿಗ್ಗೆ ನಿಮ್ಮ ಬೆಡ್‌ಶೀಟು ಬದಲಿಸಲು ಮಗ್ಗುಲಾಗಿಸಿದಾಗ ಬಾಲದ ಮೂಳೆಯ ಮೇಲೆ ಚರ್ಮ ಕಪ್ಪಾಗಿತ್ತು. ಬೆನ್ನ ಕೆಳಗೆ ಬೆಡ್‌ಶೀಟಿನ ಸುಕ್ಕು, ಹಗ್ಗದಷ್ಟು ದಪ್ಪ. ನಾಲ್ಕೇ ದಿನಕ್ಕೆ ಅದು ಒಡೆದು ಆಳಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಇವ್ರನ್ನ ಮಗ್ಗುಲು ಬದಲಾಯಿಸ್ತಿರ್ಲಿಲ್ವಾ?" ಎಂದು ಕೇಳಿದರು. ಆಗ ನಾನು ಏನು ಮಾಡಿದೆ ಕೇಳಿ. ಫೋನು ತೆಗೆದು ಚಾರ್ಟಿನ ಫೋಟೋ ತೋರಿಸಿದೆ. ಬೇಕೆಂದು ಮಾಡಿದ್ದಲ್ಲ ಅಕ್ಕ, ಯಾರು ಕೇಳಿದರೂ ಚಾರ್ಟು ತೋರಿಸಿ ರೂಢಿ. ಅವರು ಫೋಟೋ ನೋಡಿದರು, ನಿಮ್ಮ ಗಾಯ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬಾಗಿ ಔಷಧಿ ಚೀಟಿ ಬರೆಯತೊಡಗಿದರು. ಬಯ್ದುಬಿಟ್ಟಿದ್ದರೆ ಚೆನ್ನಾಗಿತ್ತು.

ಆ ಹುಣ್ಣಿನ ನಂಜು ಮೈಗೇರಿ ನೀವು ತೀರಿಕೊಂಡ ದಿನ ಲತಾ ನನ್ನನ್ನು ತಬ್ಬಿಕೊಂಡು ಅತ್ತಳು. "ಸ್ವಂತ ಮಗಳ ಥರ ನೋಡ್ಕೊಂಡ್ರಿ ಅಕ್ಕ, ನಿಮ್ಮ ಋಣ ತೀರ್ಸಕ್ಕಾಗಲ್ಲ" ಅಂದಳು. ನಾನು ಬೆನ್ನು ಸವರಿದೆ. ಇವತ್ತಿಗೂ ಅವಳಿಗೆ ನಿಜ ಹೇಳಿಲ್ಲ. ಹಬ್ಬಕ್ಕೊಂದು ಸಲ ಫೋನು ಮಾಡುತ್ತಾಳೆ, ಎತ್ತಲು ಭಯ.

ಹದಿನೈದು ದಿನ ಕಳೆದ ಮೇಲೆ ತಡೆಯಲಾರದೆ ಅಧಿಕಾರಿ ಮೇಡಮ್ಮಿನ ಕಚೇರಿಗೆ ಹೋದೆ. ಚಾರ್ಟು ಸುಳ್ಳು, ಬರೆದವಳು ನಾನು ಎಂದು ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡಿ ಮಂಜುಳಾ ಅವ್ರೇ, ನಾನಿದನ್ನ ಬರ್ಕೊಂಡ್ರೆ ಮುಚ್ಚಿಸ್ಬೇಕಾಗತ್ತೆ. ಮುಚ್ಚಿದ್ರೆ ಅಲ್ಲಿರೋರ್ನೆಲ್ಲ ಎಲ್ಲಿಗೆ ಕಳಿಸ್ಲಿ? ಸರ್ಕಾರಿ ಮನೇಲಿ ಜಾಗ ಇಲ್ಲ. ಹಾಸಿಗೆ ಹಿಡಿದೋರ್ನ ಅವ್ರು ತಗೊಳ್ಳೋದೂ ಇಲ್ಲ."

"ಹಂಗಾದ್ರೆ ಇನ್ನೊಬ್ರು ಆಯಾ ಇರ್ಲೇಬೇಕು ಅಂತಾದ್ರೂ ಬರೀರಿ ಮೇಡಂ."

"ಸಹಿ ಇದೆಯಾ, ಇಲ್ವಾ. ನನ್ ಫಾರಂ ಕೇಳೋದು ಅಷ್ಟೇ."

ಆಮೇಲೆ ಅವರು ನನಗೆ ಕಾಫಿ ತರಿಸಿಕೊಟ್ಟರು. ಬಯ್ಯಿಸಿಕೊಳ್ಳಲು ಹೋದವಳು ಕಾಫಿ ಕುಡಿದು ಬಂದೆ.

ಮಾರನೆಯ ದಿನದಿಂದ ನಾನೊಂದು ಕೆಲಸ ಮಾಡಿದೆ. ಮಗ್ಗುಲಾಗಿಸಿದರೆ ಸಹಿ, ಇಲ್ಲದಿದ್ದರೆ ಚೌಕ ಖಾಲಿ. ಆಯಾಗಳಿಗೂ ಅದನ್ನೇ ಹೇಳಿದೆ. ಮೊದಲ ವಾರ ಚಾರ್ಟು ನೋಡಲಾಗುತ್ತಿರಲಿಲ್ಲ ಅಕ್ಕ, ಅರ್ಧಕ್ಕರ್ಧ ಖಾಲಿ. ಇಷ್ಟು ವರ್ಷ ನಾನು ಮುದ್ದಾದ ಅಕ್ಷರದಲ್ಲಿ ಏನೇನು ಮುಚ್ಚಿಟ್ಟಿದ್ದೆ ಎಂದು ಆಗ ಗೊತ್ತಾಯಿತು. ಖಾಲಿ ಕಂಡ ಕಡೆಗೆ ಓಡಿ, ಊಟದ ಹೊತ್ತು ಹಿಂದೆಮುಂದೆ ಮಾಡಿ, ನಾನೂ ಸೆರಗು ಸಿಕ್ಕಿಸಿಕೊಂಡು ಮಗ್ಗುಲಾಗಿಸುವ ಕೆಲಸಕ್ಕೆ ಇಳಿದ ಮೇಲೆ ಖಾಲಿಗಳು ಕಡಿಮೆಯಾದವು. ಪೂರ್ತಿ ಹೋಗಲಿಲ್ಲ. ಇನ್ನೊಬ್ಬ ಆಯಾ ಬೇಕೆಂದು ಮುನಿರಾಜಣ್ಣ ಲಗ್ಗೆರೆಯವರೆಗೂ ಹೇಳಿಸಿ ನೋಡಿದರು. ಬಂದವರು ಮೂರು ದಿನ ಮಲ ಮೂತ್ರ ಬಳಿದು ಗಾರ್ಮೆಂಟ್ಸಿಗೇ ವಾಪಸ್ಸು ಹೋದರು. ಅವರನ್ನು ಹೇಗೆ ಅನ್ನಲಿ?

ಹೋದ ತಿಂಗಳು ಅದೇ ಮೇಡಂ ಹೇಳದೆ ಕೇಳದೆ ಬಂದರು. ಖಾಲಿ ಚೌಕಗಳನ್ನು ನೋಡಿದರು, ಫೋಟೋ ತೆಗೆದರು. ಈ ಸಲವೂ ಹೊದಿಕೆ ಎತ್ತಲಿಲ್ಲ. ನಾನೇ ಎತ್ತಿ ಪುಟ್ಟನರಸಮ್ಮನ ಬೆನ್ನು ತೋರಿಸಿದೆ, ಒಂದು ಗಾಯವಿಲ್ಲ. ಮೇಡಂ ದನಿ ತಗ್ಗಿಸಿ, "ನಂಗೆ ಕಾಣತ್ತೆ ಕಣ್ರೀ. ಆದ್ರೆ ಸಹಿ ಇಲ್ವಲ್ಲ, ನಾನೇನ್ ಮಾಡ್ಲಿ?" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಇವತ್ತು ಬಂದ ನೋಟಿಸು ಅದರದ್ದೇ. ಆರೈಕೆಯಲ್ಲಿ ಲೋಪ, ಮಾನ್ಯತೆ ಏಕೆ ರದ್ದು ಮಾಡಬಾರದು, ಹದಿನೈದು ದಿನದಲ್ಲಿ ಉತ್ತರ ಕೊಡಿ. ನಿಮ್ಮನ್ನು ಕೊಂದ ಚಾರ್ಟಿಗೆ ಶಭಾಷ್ ಸಿಕ್ಕಿತು, ನಿಜ ಬರೆದ ಚಾರ್ಟಿಗೆ ನೋಟಿಸು. ನಗಬೇಕೋ ಅಳಬೇಕೋ ನೀವೇ ಹೇಳಿ.

ಈಗ ಅರ್ಧ ಗಂಟೆಯ ಹಿಂದೆ ಮುನಿರಾಜಣ್ಣ ಬಂದು ಹೊಸ ಚಾರ್ಟಿನ ಕಟ್ಟು, ಜೊತೆಗೆ ಎರಡು ಪೆನ್ನು ಮೇಜಿನ ಮೇಲೆ ಇಟ್ಟು ಹೋದರು. "ಏನಮ್ಮೋ ಮಂಜುಳಾ, ಇಂಗೆ ಖಾಲಿ ಬಿಟ್ರೆ ಎಂಗೆ? ಹೊಸ್ದಾಗಿ ಬರ್ಕೊಂಡ್ಬುಡು. ಅವ್ರು ನೋಡಿದ್ದು ರಫ್ ಕಾಪಿ ಅನ್ನಾನ." ಬಾಗಿಲ ತನಕ ಹೋದವರು ತಿರುಗಿ ನಿಂತು, "ನಮ್ಮವ್ವನೂ ಕೆಳಗ್ಡೆ ರೂಮಲ್ಲೇ ಮಲ್ಗವ್ಳೆ ಕಣಮ್ಮ" ಎಂದರು. ಅವರು ಕೆಟ್ಟವರಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ವಿಷಯ ಹೇಗೋ ತಿಳಿದು ರಂಗಪ್ಪಣ್ಣನ ಸೊಸೆಯೂ ಫೋನು ಮಾಡಿದ್ದಳು. "ಅಕ್ಕ, ಮುಚ್ಚಕ್ಕೆ ಮಾತ್ರ ಬಿಡ್ಬೇಡಿ. ನಾವಿಬ್ರೂ ಶಿಫ್ಟಿಗೆ ಹೋಗೋರು, ಮಾವನ್ನ ಯಾರು ತಿರುಗ್ಸ್ತಾರೆ?"

ಯಾರು ತಿರುಗಿಸುತ್ತಾರೆ ಅಕ್ಕ? ನಿಮ್ಮ ಆ ಮೂರು ದಿನದ ಚಾರ್ಟನ್ನು ನಾನು ಎಸೆದಿಲ್ಲ, ನೀವು ಹಿಡಿದುಕೊಂಡಿದ್ದ ತುದಿಯಲ್ಲಿ ಅದು ಇನ್ನೂ ಮುದುಡಿದೆ. ಅದರ ಕೆಳಗೆ 'ಇದು ಸುಳ್ಳು, ಇವರನ್ನು ಮೂರು ದಿನ ತಿರುಗಿಸಲಿಲ್ಲ, ಬರೆದವಳು ಮಂಜುಳಾ' ಎಂದು ಬರೆದು ನೋಟಿಸಿನ ಉತ್ತರದ ಜೊತೆ ಇಡುತ್ತೇನೆ. ಮೊದಲು ಕಾಡುಗೋಡಿಗೆ ಹೋಗಿ ಲತಾಳಿಗೆ ಹೇಳುತ್ತೇನೆ. ಇಷ್ಟು ಮಾತ್ರ ನಾನು ಕೊಡಬಲ್ಲ ಮಾತು. ಅದರಿಂದ ಬಾಗಿಲು ಮುಚ್ಚಿದರೆ ಈ ಹನ್ನೊಂದು ಜನರ ಗತಿ ಏನು, ಬರೆಯದಿದ್ದರೆ ನಾನು ಏನು... ಅದನ್ನು ಯೋಚಿಸಿ ಯೋಚಿಸಿ ತಲೆ ಓಡುತ್ತಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿದೆ, ಏಳಬೇಕು. ಪುಟ್ಟನರಸಮ್ಮನಿಗೆ ಕಿವಿ ಪೂರ್ತಿ ಮಂದ. ಆದರೂ ಬಾಗಿ ಹೇಳುತ್ತೇನೆ, ಈಗ ಎಡಕ್ಕೆ ತಿರುಗಿಸುತ್ತೇನೆ, ಗಾಬರಿ ಬೀಳಬೇಡಿ ಅಂತ. ನಿಮಗೆ ಆ ಮೂರು ದಿನ ನಾನು ಅದನ್ನು ಒಂದು ಸಲವೂ ಹೇಳಲಿಲ್ಲ.

ನಿಮ್ಮ
ಮಂಜಿ